ಲಾರಾಳ ಪಾರ್ಟು ಯಾರದು?

ವಿಡಿಯೊ ಗೇಮಿನ ನಾಯಕಿಯೊಬ್ಬಳನ್ನು ಸಿನಿಮಾಕ್ಕೆ ತರುತ್ತೇವೆಂದು ಕಂಪನಿ ಪ್ರಕಟಿಸಿ, ನಟಿಯ ಹೆಸರು ಹೇಳಿದ ಗಳಿಗೆಯಿಂದಲೇ ಜಗಳ ಶುರು. ಚಿತ್ರೀಕರಣ ಆರಂಭವಾಗಿರುವುದಿಲ್ಲ, ಆಕೆಯ ಬಾಯಿಂದ ಒಂದು ಮಾತನ್ನೂ ಯಾರೂ ಕೇಳಿರುವುದಿಲ್ಲ. ತೀರ್ಪು ಮಾತ್ರ ಹೊರಬಿದ್ದಿರುತ್ತದೆ. 2001ರಲ್ಲಿ ಏಂಜೆಲಿನಾ ಜೋಲಿ ‘ಟೂಂಬ್ ರೈಡರ್’ ಗೇಮಿನ ಲಾರಾ ಕ್ರಾಫ್ಟ್ ಆದಾಗ, ಇಂಗ್ಲೆಂಡಿನ ಸಿರಿವಂತ ಮನೆತನದ ಹುಡುಗಿಯ ಪಾತ್ರ ಅಮೆರಿಕದವಳಿಗೇಕೆ ಎಂದರು. 2018ರಲ್ಲಿ ಸ್ವೀಡನ್ನಿನ ಅಲಿಸಿಯಾ ವಿಕಾಂಡರ್ ಅದೇ ಪಾತ್ರಕ್ಕೆ ಬಂದಾಗ ಮೈಕಟ್ಟು ಸಾಲದು ಎಂದರು. ಹಿಂದೆ ಬೈಸಿಕೊಂಡಿದ್ದ ಜೋಲಿಯೇ ಅಷ್ಟು ಹೊತ್ತಿಗೆ ಅಳತೆಗೋಲಾಗಿದ್ದರು. ಈಗ ಅಮೆಜಾನ್‌ನ ಸರಣಿಗೆ ಸೋಫಿ ಟರ್ನರ್ ಲಾರಾ ಆಗುತ್ತಿದ್ದಾರೆ, ಹೋಲಿಕೆಯ ಪಂಚಾಯಿತಿ ಮತ್ತೆ ಕೂತಿದೆ. ಗೇಮಿನಿಂದ ಸರಣಿಯಾದ ‘ದಿ ಲಾಸ್ಟ್ ಆಫ್ ಅಸ್’ ಕಥೆಯೂ ಇದೇ. 2023ರಲ್ಲಿ ಬೆಲ್ಲಾ ರಾಮ್ಸೆಯ ಮುಖ ಗೇಮಿನ ಹುಡುಗಿಯಂತಿಲ್ಲ ಎಂದು ಕೂಗಿದವರು, 2025ರಲ್ಲಿ ಕೇಟ್ಲಿನ್ ಡೆವರ್‌ಗೆ ಆ ಗೇಮಿನ ಇನ್ನೊಂದು ಹೆಣ್ಣುಪಾತ್ರ ಅಬಿಯ ತೋಳ್ಬಲವಿಲ್ಲ ಎಂದು ಕೂಗಿದರು.

ಇದನ್ನು ಕೇಳಿ ನಕ್ಕು ಸುಮ್ಮನಾಗುವುದು ಸುಲಭ. ಕೆಲಸವಿಲ್ಲದ ಹುಡುಗರ ಗಲಾಟೆ ಎಂದುಬಿಟ್ಟರೆ ಮುಗಿಯಿತು. ಇನ್ನು ಕೆಲವರು ತಿರುಗಿ, ದುಡ್ಡು ಕೊಟ್ಟು ನೋಡುವವನೇ ದೊರೆ, ಅವನು ಬೇಡವೆಂದ ನಟಿ ಬೇಡ ಎನ್ನುತ್ತಾರೆ. ಎರಡೂ ತಪ್ಪು ಎಂಬುದು ನನ್ನ ವಾದ. ಈ ಸಿಟ್ಟಿನೊಳಗೆ ಎರಡು ಬೇರೆ ಬೇರೆ ದೂರುಗಳು ಕೂಡಿಕೊಂಡಿವೆ. ‘ನಾನು ಕಂಡ ಮುಖ ಇದಲ್ಲ’ ಎಂಬುದು ಒಂದು, ಅದನ್ನು ತಳ್ಳಿಹಾಕಬೇಕು. ‘ಆ ನಾಯಕಿಯ ನೆಲದವರಿಗೆ, ನುಡಿಯವರಿಗೆ ಅವಳ ಕಥೆಯಲ್ಲೇ ಜಾಗ ಸಿಗಲಿಲ್ಲ’ ಎಂಬುದು ಇನ್ನೊಂದು. ಅದನ್ನು ಕಿವಿಗೊಟ್ಟು ಕೇಳಬೇಕು. ಇವೆರಡನ್ನು ಬಿಡಿಸಿ ನೋಡುವ ಕಣ್ಣಿಗಾಗಿ ಹಾಲಿವುಡ್ಡಿಗೆ ಹೋಗಬೇಕಿಲ್ಲ. ಸುರಪುರ, ಶಹಾಪುರ, ಯಾದಗಿರಿ ಸೀಮೆಯ ಬಯಲಾಟದ ಅಟ್ಟ ಅದನ್ನು ಎಂದೋ ಕಲಿಸಿದೆ. ಅದು ಎಲ್ಲಿ ಎಡವಿತು ಎಂಬುದೂ ನಮಗೆ ಗೊತ್ತಿದೆ.

ಮೊದಲು ಗೇಮಿನ ನಾಯಕಿ ಉಳಿದ ನಾಯಕಿಯರಿಗಿಂತ ಹೇಗೆ ಬೇರೆ ಎಂಬುದನ್ನು ನೋಡಬೇಕು. ಕಾದಂಬರಿಯ ನಾಯಕಿಯನ್ನು ಓದುಗ ಮನಸ್ಸಿನಲ್ಲಿ ಬರೆದುಕೊಳ್ಳುತ್ತಾನೆ, ಸಿನಿಮಾದ ನಾಯಕಿಯನ್ನು ಪ್ರೇಕ್ಷಕ ದೂರದಿಂದ ನೋಡುತ್ತಾನೆ. ಗೇಮಿನವಳು ಹಾಗಲ್ಲ. 1996ರಲ್ಲಿ ಇಂಗ್ಲೆಂಡಿನ ಡರ್ಬಿ ಊರಿನ ಕೋರ್ ಡಿಸೈನ್ ಸಂಸ್ಥೆ ‘ಟೂಂಬ್ ರೈಡರ್’ ಹೊರತಂದಾಗ ಲಾರಾಳ ಮೈ ಕೆಲವೇ ನೂರು ತ್ರಿಕೋನಗಳ ಚೂಪುಚೂಪಾದ ಬೊಂಬೆ. ಆ ಬೊಂಬೆಗೆ ಜೀವ ಬರುತ್ತಿದ್ದದ್ದು ಆಡುವವನ ಬೆರಳಿನಿಂದ. ಅವನು ಗುಂಡಿ ಒತ್ತಿದರೆ ಅವಳು ಹಾರುತ್ತಾಳೆ, ಒಂದು ಕ್ಷಣ ತಡಮಾಡಿದರೆ ಕಂದಕಕ್ಕೆ ಬಿದ್ದು ಸಾಯುತ್ತಾಳೆ. ಅದೇ ಜಾಗದಲ್ಲಿ ಹತ್ತಾರು ಸಲ ಸತ್ತು, ಮತ್ತೆ ಎದ್ದು, ಕಡೆಗೆ ದಾಟಿದವಳು ಅವಳೋ ಅವನೋ? ಗೇಮು ಮುಗಿಯುವ ಹೊತ್ತಿಗೆ ಆ ಪಾತ್ರವನ್ನು ವಾರಗಟ್ಟಲೆ ಅಭಿನಯಿಸಿದವನು ಅವನೇ ಆಗಿರುತ್ತಾನೆ.

ಅಂದರೆ ಗೇಮಿನ ಅಭಿಮಾನಿ ಬರೀ ಪ್ರೇಕ್ಷಕನಲ್ಲ, ಹಿಂದಿನ ಪಾತ್ರಧಾರಿ. ಹೊಸ ನಟಿಯ ಹೆಸರು ಪ್ರಕಟವಾದ ದಿನ ಅವನಿಗೆ ಆಗುವ ಸಂಕಟ, ಕೈಯಲ್ಲಿದ್ದ ಪಾರ್ಟು ಇನ್ನೊಬ್ಬರ ಪಾಲಾದ ಸಂಕಟ. ಇದನ್ನು ಅರ್ಥ ಮಾಡಿಕೊಂಡರೆ ಅವನ ಸಿಟ್ಟು ಹುಚ್ಚಾಟದಂತೆ ಕಾಣುವುದಿಲ್ಲ. ಅದು ಸರಿಯೆಂದೂ ಆಗುವುದಿಲ್ಲ. ಎಲ್ಲಿಂದ ಬಂತು ಎಂಬುದಷ್ಟೇ ತಿಳಿಯುತ್ತದೆ.

ಈ ಸಂಕಟ ನಮ್ಮ ಕಡೆಯ ಹಳ್ಳಿಗಳಿಗೆ ಹೊಸದಲ್ಲ. ಜಾತ್ರೆ, ಉಗಾದಿ ಬಂತೆಂದರೆ ಊರಿನ ಗುಡಿ ಮುಂದೆ ದೊಡ್ಡಾಟದ ಅಟ್ಟ ಕಟ್ಟುತ್ತಿದ್ದರು, ಈಗಲೂ ಅಲ್ಲಲ್ಲಿ ಕಟ್ಟುತ್ತಾರೆ. ತಿಂಗಳುಗಟ್ಟಲೆ ತಾಲೀಮು. ಹಗಲೆಲ್ಲ ಹೊಲದ ಕೆಲಸ, ರಾತ್ರಿ ಮಾಸ್ತರನ ಮುಂದೆ ಪದ, ಮಾತು, ಕುಣಿತ. ದ್ರೌಪದಿಯ ಪಾರ್ಟು ಒಮ್ಮೆ ಒಬ್ಬನಿಗೆ ಒಪ್ಪಿತೆಂದರೆ ವರ್ಷಗಳ ಕಾಲ ಅದು ಅವನದೇ. ಊರಲ್ಲಿ ಅವನ ಹೆಸರೇ ದ್ರೌಪದಿ ಎಂದಾಗುವುದೂ ಉಂಟು. ಅವನಿಗೆ ವಯಸ್ಸಾಗಿ, ದನಿ ಒಡೆದು, ಮಾಸ್ತರ ಆ ಪಾರ್ಟನ್ನು ಎಳೆಯ ಹುಡುಗನಿಗೆ ಕೊಟ್ಟ ವರ್ಷ ಮನಸ್ತಾಪ ತಪ್ಪಿದ್ದಲ್ಲ. ‘ಅಂವಗೇನ್ ಬರ್ತದ್ರೀ, ನನ್ನ ಗತ್ತು ಅಂವಗೆಲ್ಲೈತಿ’ ಎಂಬ ಮಾತು ಅಟ್ಟದ ಹಿಂದೆ ಓಡಾಡುತ್ತದೆ. ಲಾರಾಳನ್ನು ಆಡಿದ ಹುಡುಗನ ಮಾತೂ ಇದೇ ಜಾತಿಯದು. ವ್ಯತ್ಯಾಸ ಇಷ್ಟೇ: ಹಳ್ಳಿಯ ಹಳೆಯ ದ್ರೌಪದಿ ಕಡೆಗೆ ಆ ಎಳೆಯನಿಗೆ ಪದ ಹೇಳಿಕೊಡಲು ಕೂರುತ್ತಾನೆ. ಗೇಮಿನವನಿಗೆ ಹಾಗೆ ಪಾರ್ಟನ್ನು ದಾಟಿಸುವ ದಾರಿಯೇ ಇಲ್ಲ. ‘ದಿ ಲಾಸ್ಟ್ ಆಫ್ ಅಸ್’ ಮಾಡಿದವರಿಗೆ ಇದು ಹೊಳೆದಿತ್ತು ಅನ್ನಿಸುತ್ತದೆ. ಗೇಮಿನಲ್ಲಿ ಆ ಹುಡುಗಿಗೆ ದನಿ ಕೊಟ್ಟು ನಟಿಸಿದ್ದ ಆಶ್ಲಿ ಜಾನ್ಸನ್ ಅವರನ್ನೇ ಮೊದಲ ಸೀಸನ್ನಿನ ಕೊನೆಯ ಕಂತಿನಲ್ಲಿ ಆಕೆಯ ತಾಯಿಯಾಗಿ ತೋರಿಸಿದರು. ಹಳೆಯ ಪಾತ್ರಧಾರಿ ಹೊಸ ಪಾತ್ರಧಾರಿಯನ್ನು ಹೆತ್ತು ಕಣ್ಮರೆಯಾಗುವ ಆ ದೃಶ್ಯದಲ್ಲಿ ಪಾರ್ಟು ಶಾಸ್ತ್ರೋಕ್ತವಾಗಿ ಕೈ ಬದಲಾಯಿಸಿತು.

ಬಯಲಾಟದ ಪ್ರೇಕ್ಷಕ ಯಾವ ಅಳತೆ ಹಿಡಿದಿದ್ದ ಎಂಬುದನ್ನೂ ಸ್ವಲ್ಪ ಹತ್ತಿರದಿಂದ ನೋಡೋಣ. ಬಣ್ಣ ಹಚ್ಚುವ ಕೋಣೆಯೆಂದರೆ ಗುಡಿಯ ಪಕ್ಕದ ಒಂದು ಪಡಸಾಲೆ. ಗೋಡೆಗೆ ಆನಿಸಿದ ಕನ್ನಡಿ, ಬಟ್ಟಲಲ್ಲಿ ಕಲಸಿದ ಬಣ್ಣ. ಮೀಸೆ ಬೋಳಿಸಿಕೊಂಡ ರೈತನೊಬ್ಬ ಮುಖಕ್ಕೆ ಬಿಳುಪು ಬಳಿಸಿಕೊಂಡು, ಹುಬ್ಬಿಗೆ ಕಾಡಿಗೆ ತೀಡಿಸಿಕೊಂಡು ಕೂತಿದ್ದಾನೆ. ಮನೆಯಿಂದ ಹೆಂಡತಿಯ ಇಳಕಲ್ಲ ಸೀರೆ ಬಂದಿದೆ. ಕೊರಳ ನರ ಎದ್ದು ಕಾಣುತ್ತದೆ, ಅಂಗೈಯಲ್ಲಿ ಕುಂಟಿ ಹಿಡಿದ ಗಟ್ಟಿ ಚರ್ಮ. ಇದೆಲ್ಲ ಮುಂದೆ ಕೂತ ಜನಕ್ಕೆ ಕಾಣುವುದಿಲ್ಲವೇ? ಚೆನ್ನಾಗಿ ಕಾಣುತ್ತದೆ, ಅವನು ಯಾರ ಮಗ, ಯಾರ ಹತ್ತಿರ ಎಷ್ಟು ಸಾಲ ಮಾಡಿದ್ದಾನೆ ಎಂಬುದೂ ಗೊತ್ತು. ಆದರೂ ಸಭೆಯಲ್ಲಿ ನಿಂತು ಅವನು ಮೊದಲ ಪದ ಎತ್ತಿ, ಸಾರಥಿಯ ಪ್ರಶ್ನೆಗೆ ಏರುದನಿಯಲ್ಲಿ ಉತ್ತರ ಕೊಟ್ಟನೆಂದರೆ ದ್ರೌಪದಿ ಬಂದಳು. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ, ಯಾರೋ ಎದ್ದು ಬಂದು ಆಯೇರಿ ಮಾಡುತ್ತಾರೆ.

ಅದೇ ಜನ ಮೆತ್ತನೆಯವರೇನಲ್ಲ. ತಾಳ ತಪ್ಪಿದರೆ, ಮಾತು ನುಂಗಿದರೆ, ಸಿಟ್ಟು ಬರಬೇಕಾದ ಕಡೆ ದನಿ ಏಳದಿದ್ದರೆ ಅಲ್ಲೇ ಕೂಗಿ ಹೇಳುತ್ತಾರೆ. ಕಟ್ಟುನಿಟ್ಟು ಇತ್ತು, ಆದರೆ ಅದು ಮೂಗಿನ ಉದ್ದಕ್ಕಲ್ಲ, ಮಾತಿನ ಬಿಗುವಿಗೆ. ಕಂದಗಲ್ಲ ಹನುಮಂತರಾಯರ ‘ರಕ್ತರಾತ್ರಿ’ಯ ದ್ರೌಪದಿಯಾಗಿ ಸುಭದ್ರಮ್ಮ ಮನ್ಸೂರ ಹೆಸರಾದದ್ದೂ ಹಾಗೆಯೇ. ಆ ನಾಟಕದ ದ್ರೌಪದಿಗೆ ಇಂಥದೇ ಮುಖ ಇರಬೇಕೆಂದು ಯಾರೂ ಬರೆದಿಟ್ಟಿರಲಿಲ್ಲ. ಆ ಮಾತುಗಳನ್ನು ಹೊರುವ ಎದೆಗಾರಿಕೆ ಬೇಕಿತ್ತು, ಆಕೆಗೆ ಇತ್ತು.

ಹಾಗಾದರೆ ಮುಖ ಹೀಗೇ ಇರಬೇಕು ಎಂಬ ಹಟ ಎಲ್ಲಿಂದ ಬಂತು? ಸುರಪುರದ ನಾಯಕರ ಆಶ್ರಯದಲ್ಲಿ ಬೆಳೆದ ಚಿತ್ರಕಲೆಯನ್ನು ನೋಡಿ. ಚಿನ್ನದ ರೇಕು ಹಚ್ಚಿದ ಆ ಚಿತ್ರಗಳಲ್ಲಿ ದೇವಿಯನ್ನು ಗುರುತಿಸುವುದು ಕೈಯ ಆಯುಧದಿಂದ, ವಾಹನದಿಂದ, ಕೂತ ಭಂಗಿಯಿಂದ. ಮುಖ ಸಂಪ್ರದಾಯದ ಅಚ್ಚು, ಒಬ್ಬಾಕೆಯ ಸ್ವಂತ ಮುಖವಲ್ಲ. 1894ರಲ್ಲಿ ರವಿವರ್ಮನ ಮುದ್ರಣಾಲಯ ಆರಂಭವಾಗಿ, ಒಂದೇ ಲಕ್ಷ್ಮಿ, ಒಂದೇ ಸರಸ್ವತಿ ಸಾವಿರಾರು ಮನೆಗಳ ಗೋಡೆ ಸೇರಿದ ಮೇಲೆ ದೇವತೆಗೆ ಖಾಯಂ ಮುಖ ಬಂತು. ಸಿನಿಮಾ ಅದನ್ನು ಗಟ್ಟಿ ಮಾಡಿತು. ಗೇಮು ಬಂದು, ಒಂದೇ ಬೊಂಬೆಯನ್ನು ಲಕ್ಷಾಂತರ ಜನರ ಕೈಗೆ ಒಂದೇ ತೆರನಾಗಿ ಕೊಟ್ಟು, ಇದೇ ಮೂಲ ಎಂಬ ನಂಬಿಕೆಯನ್ನು ಪೂರ್ತಿ ಮಾಡಿತು.

ಆದರೆ ಈ ‘ಮೂಲ’ವನ್ನು ಕೆದಕಿದರೆ ಏನೂ ಉಳಿಯುವುದಿಲ್ಲ. ಲಾರಾಳನ್ನು ರೂಪಿಸಿದ ಟೋಬಿ ಗಾರ್ಡ್ ಮೊದಲು ಕಲ್ಪಿಸಿದ್ದು ಲಾರಾ ಕ್ರೂಜ್ ಎಂಬ ದಕ್ಷಿಣ ಅಮೆರಿಕದ ಹೆಣ್ಣನ್ನು. ಬ್ರಿಟಿಷ್ ಹೆಸರು, ಬ್ರಿಟಿಷ್ ಬಂಗಲೆ ಆಮೇಲೆ ಬಂದವು. ಗೇಮಿನ ಪ್ರಚಾರಕ್ಕೆ ಕಂಪನಿ ರೂಪದರ್ಶಿಯರನ್ನು ನೇಮಿಸಿಕೊಂಡಿತ್ತು. 1997ರಿಂದ ಆ ವೇಷ ತೊಟ್ಟವರಲ್ಲಿ ಒಬ್ಬರು ರೋನಾ ಮಿತ್ರಾ, ಬಂಗಾಳಿ ಮೂಲದ ತಂದೆಯ ಮಗಳು. ಜೋಲಿ ಅಮೆರಿಕದವರೆಂದು ಸಿಡುಕಿದವರ ಕಣ್ಣೆದುರಿಗೇ ಇದು ನಡೆದಿತ್ತು. 2013ರಲ್ಲಿ ಗೇಮನ್ನು ಹೊಸದಾಗಿ ಕಟ್ಟಿದಾಗ ಲಾರಾಳ ಮೈಕಟ್ಟು, ವಯಸ್ಸು, ಸ್ವಭಾವ ಎಲ್ಲ ಬದಲಾದವು. ಗಾಯಗೊಂಡು, ಹೆದರಿ, ಅಲ್ಲಿಂದ ಗಟ್ಟಿಯಾಗುವ ಹುಡುಗಿ ಅವಳಾದಳು. ವಿಕಾಂಡರ್ ನಟಿಸಿದ್ದು ಈ ಲಾರಾಳನ್ನು. ಅವರನ್ನು ಅಳೆದದ್ದು ಮಾತ್ರ 1996ರ ಬೊಂಬೆಯಿಂದ. ಕಡೆಗೆ ಲೆಕ್ಕ ನೋಡಿದರೆ 2001ರ ಚಿತ್ರ, 2018ರ ಚಿತ್ರ ಎರಡೂ ಜಗತ್ತಿನಾದ್ಯಂತ ಗಳಿಸಿದ್ದು ಹೆಚ್ಚುಕಡಿಮೆ ಒಂದೇ ಮೊತ್ತ, ಸುಮಾರು 27 ಕೋಟಿ ಡಾಲರ್. ಮೈಕಟ್ಟಿನ ಮೇಲೆ ನಡೆದ ಅಷ್ಟೆಲ್ಲ ವಾದ ಗಲ್ಲಾಪೆಟ್ಟಿಗೆಯಲ್ಲಿ ಗುರುತು ಬಿಟ್ಟಂತೆ ಕಾಣದು.

ನಮ್ಮ ನಾಯಕಿಯರ ಕಥೆಯೂ ಬೇರೆಯಲ್ಲ. ಒನಕೆ ಓಬವ್ವ ಎಂದ ಕೂಡಲೇ ಕನ್ನಡಿಗರ ಕಣ್ಣಿಗೆ ಬರುವುದು ಜಯಂತಿಯವರ ಮುಖ. 1972ರ ‘ನಾಗರಹಾವು’ ಚಿತ್ರದಲ್ಲಿ ಅವರು ಓಬವ್ವನಾಗಿ ಕಾಣಿಸಿಕೊಂಡದ್ದು ಒಂದು ಹಾಡಿನಷ್ಟು ಹೊತ್ತು ಮಾತ್ರ. ಆ ಸಿನಿಮಾ ಕಾದಂಬರಿಕಾರ ತ.ರಾ.ಸು. ಅವರಿಗೇ ಹಿಡಿಸಿರಲಿಲ್ಲ ಎಂಬುದು ಎಲ್ಲರಿಗೂ ಗೊತ್ತಿರುವ ಮಾತು. ಆದರೂ ಆ ಕೆಲವು ನಿಮಿಷ ಒಂದು ನಾಡಿನ ನೆನಪನ್ನು ತಿದ್ದಿತು. ಕಿತ್ತೂರ ಚೆನ್ನಮ್ಮನಿಗೆ 1961ರಲ್ಲಿ ಬಿ. ಸರೋಜಾದೇವಿಯವರ ಮುಖ ಬಂತು. 2012ರ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ ಚಿತ್ರದಲ್ಲಿ ಜಯಪ್ರದಾ ಅದೇ ಪಟ್ಟದಲ್ಲಿ ಕೂತರು. ಒಬ್ಬರು ಬೆಂಗಳೂರಿನವರು, ಇನ್ನೊಬ್ಬರು ಆಂಧ್ರದವರು. ಇವರಲ್ಲಿ ಯಾರ ಮೂಗು ಚೆನ್ನಮ್ಮನ ಮೂಗಿಗೆ ಹತ್ತಿರ ಎಂದು ಕೇಳುವುದು ಅರ್ಥವಿಲ್ಲದ ಪ್ರಶ್ನೆ. ಮೊದಲು ಬಂದ ಮುಖ ನಮಗೆ ಮೂಲವಾಗಿ ಕಾಣುತ್ತದೆ, ಅಷ್ಟೇ.

ಮೊದಲು ಬಂದದ್ದು ಎಷ್ಟು ಅಪಾಯಕಾರಿ ಆಗಬಹುದು ಎಂಬುದಕ್ಕೆ ಸುರಪುರದಲ್ಲೇ ಒಂದು ಉದಾಹರಣೆಯಿದೆ. 1858ರಲ್ಲಿ ಬ್ರಿಟಿಷರ ವಿರುದ್ಧ ನಿಂತು ಸೋತ ರಾಜಾ ವೆಂಕಟಪ್ಪ ನಾಯಕನ ತಾಯಿ ರಾಣಿ ಈಶ್ವರಮ್ಮ. ಮಗ ಎಳೆಯನಿದ್ದಾಗ ಸಂಸ್ಥಾನದ ಅಧಿಕಾರಕ್ಕಾಗಿ ಆಕೆ ಹೋರಾಡಿದಳು. ಆಕೆಯ ಬಗ್ಗೆ ಹೊರಜಗತ್ತು ಓದಿದ್ದು ಬಹುಪಾಲು ಒಬ್ಬನೇ ಬರೆದದ್ದನ್ನು. ಅವನು ಕ್ಯಾಪ್ಟನ್ ಮೆಡೋಸ್ ಟೇಲರ್. ಅವನು 1841ರಲ್ಲಿ ಸುರಪುರಕ್ಕೆ ಬಂದ ಅಧಿಕಾರಿ. ಗುಡ್ಡದ ಮೇಲಿನ ಅವನ ಬಂಗಲೆ ಇಂದಿಗೂ ಟೇಲರ್ ಮಂಜಿಲ್ ಎಂದೇ ಹೆಸರಾಗಿದೆ. ಅವನಿಗೂ ರಾಣಿಗೂ ಅಧಿಕಾರದ ಜಟಾಪಟಿ ಇತ್ತು. 1877ರಲ್ಲಿ, ಅವನು ತೀರಿಕೊಂಡ ಮೇಲೆ ಅಚ್ಚಾದ ಆತ್ಮಕಥೆಯಲ್ಲಿ ಈಶ್ವರಮ್ಮನ ನಡತೆಯ ಬಗ್ಗೆ ಅವನು ಕಟುವಾಗಿ ಬರೆದಿದ್ದಾನೆ. ಟೇಲರ್ ಕೆಟ್ಟವನೆಂದು ನಾನು ಹೇಳುತ್ತಿಲ್ಲ. ಕೆರೆ, ರಸ್ತೆ, ಕಂದಾಯದ ವಿಷಯದಲ್ಲಿ ಸುರಪುರ ಅವನನ್ನು ನೆನೆಯುತ್ತದೆ. ಆದರೆ ಎದುರಾಳಿ ಬರೆದ ಚಿತ್ರವನ್ನೇ ಮೂಲವೆಂದು ಹಿಡಿದು, ನಾಳೆ ಈಶ್ವರಮ್ಮನ ಪಾತ್ರ ಮಾಡುವ ನಟಿಯನ್ನು ಅದರಿಂದ ಅಳೆದರೆ ಏನಾದೀತು? ಮೊದಲ ಚಿತ್ರಕ್ಕೆ ನಿಷ್ಠೆ ತೋರುವುದು ಎಷ್ಟೋ ಸಲ ಅದನ್ನು ಬರೆದವನಿಗೆ ತೋರುವ ನಿಷ್ಠೆ, ನಾಯಕಿಗಲ್ಲ. 1996ರಲ್ಲಿ ಗಂಡಸರ ಕಣ್ಣಿಗೆ ತಕ್ಕಂತೆ ಉಬ್ಬಿಸಿ ಬಿಡಿಸಿದ ಲಾರಾಳ ಮೈಗೆ ಇಂದಿನ ನಟಿ ನಿಷ್ಠಳಾಗಿರಬೇಕು ಎನ್ನುವವರಿಗೂ ಈ ಮಾತು ಅನ್ವಯಿಸುತ್ತದೆ.

ಇಲ್ಲಿಗೆ ಮೊದಲ ದೂರು ಬಿತ್ತು. ಎರಡನೆಯದು ಅಷ್ಟು ಸುಲಭವಾಗಿ ಬೀಳುವುದಿಲ್ಲ.

ಕರ್ನಾಟಕಕ್ಕೆ ನೇರವಾಗಿ ತಾಗುವ ಗೇಮ್ ನಾಯಕಿ ಒಬ್ಬಳಿದ್ದಾಳೆ: ‘ಅನ್‌ಚಾರ್ಟೆಡ್’ ಸರಣಿಯ ಕ್ಲೋಯಿ ಫ್ರೇಜರ್. 2009ರಲ್ಲಿ ಅವಳು ಬಂದಾಗ ದನಿ ಕೊಟ್ಟವರು ಆಸ್ಟ್ರೇಲಿಯಾದ ನಟಿ ಕ್ಲೌಡಿಯಾ ಬ್ಲ್ಯಾಕ್. 2017ರ ‘ದಿ ಲಾಸ್ಟ್ ಲೆಗಸಿ’ ಗೇಮಿನಲ್ಲಿ ಕ್ಲೋಯಿಯೇ ನಾಯಕಿ. ಅವಳ ತಂದೆ ಭಾರತೀಯ, ಅವಳು ಹುಡುಕುವುದು ಗಣೇಶನ ದಂತವನ್ನು, ಹುಡುಕುವ ಜಾಗ ಪಶ್ಚಿಮ ಘಟ್ಟ, ಕಥೆಯ ತುಂಬ ಹೊಯ್ಸಳರು. ಹಳೇಬೀಡು, ಬೇಲೂರು ಎಂಬ ಹೆಸರುಗಳು ಅಲ್ಲಿ ಮತ್ತೆ ಮತ್ತೆ ಬರುತ್ತವೆ. 2022ರ ‘ಅನ್‌ಚಾರ್ಟೆಡ್’ ಸಿನಿಮಾದಲ್ಲಿ ಈ ಪಾತ್ರ ಸೋಫಿಯಾ ಅಲಿ ಅವರಿಗೆ ಹೋಯಿತು; ಅವರ ತಂದೆ ಪಾಕಿಸ್ತಾನಿ ಮೂಲದವರು. ದಕ್ಷಿಣ ಏಷ್ಯಾದ ಬೇರು ಇರುವ ನಟಿಗೆ ಪಾತ್ರ ಸಿಕ್ಕಿತೆಂದು ಕೆಲವರು ಮೆಚ್ಚಿದರು, ಗೇಮಿನ ಕ್ಲೋಯಿಗಿಂತ ತೀರ ಎಳೆಯಳು ಎಂದು ಕೆಲವರು ಗೊಣಗಿದರು. ಆದರೆ ಆ ಚಿತ್ರದ ಕಥೆ ಹೋದದ್ದು ಬಾರ್ಸಿಲೋನಾಕ್ಕೆ, ಮೆಗೆಲನ್ನನ ಚಿನ್ನದ ಹಿಂದೆ. ಹೊಯ್ಸಳರ ಸುದ್ದಿಯೇ ಇಲ್ಲ.

ಗೇಮಿನ ಹಳೇಬೀಡಾದರೂ ಹೇಗಿದೆ? ದಟ್ಟ ಕಾಡು, ಧುಮುಕುವ ಜಲಪಾತ, ನಡುವೆ ಆಕಾಶ ಮುಟ್ಟುವ ವಿಗ್ರಹಗಳು. ಹಾಸನ ಜಿಲ್ಲೆಯ ಹಳೇಬೀಡನ್ನು ಕಂಡವರಿಗೆ ಗೊತ್ತು: ಅದು ಕೆರೆಯ ಪಕ್ಕದ ಬಯಲು ಸೀಮೆಯ ಊರು. ಅಲ್ಲಿನ ಹೊಯ್ಸಳೇಶ್ವರ ಗುಡಿಗೆ ಶಿಖರವೂ ಇಲ್ಲ. ಅದರ ಹಿರಿಮೆ ಇರುವುದು ಬಳಪದ ಕಲ್ಲಿನಲ್ಲಿ ಗೇಣುದ್ದ, ಬೆರಳುದ್ದ ಕೊರೆದ ಸೂಕ್ಷ್ಮದಲ್ಲಿ. ಬಗ್ಗಿ ಕಣ್ಣು ಹತ್ತಿರ ತಂದು ನೋಡಬೇಕಾದದ್ದನ್ನು ತಲೆಯೆತ್ತಿ ನೋಡುವಂತೆ ಮಾಡಿಬಿಟ್ಟರು. ನಟಿಯ ವಯಸ್ಸಿಗೆ, ಕೂದಲಿಗೆ ಅಷ್ಟು ತಲೆಕೆಡಿಸಿಕೊಂಡವರು ಒಂದು ಇಡೀ ಊರಿನ ಮುಖ ಬದಲಾದದ್ದಕ್ಕೆ ಅಷ್ಟು ತಲೆಕೆಡಿಸಿಕೊಳ್ಳಲಿಲ್ಲ. ನಮ್ಮಲ್ಲೂ ಯಾರೂ ದೊಡ್ಡ ದನಿಯಲ್ಲಿ ಕೇಳಲಿಲ್ಲ. ದೂರು ಕೊಡಲೇಬೇಕಾದ ಜಾಗ ಅದಾಗಿತ್ತು: ನಾಯಕಿಯ ಚರ್ಮ ಹೊಂದಿಸಿ, ಅವಳ ನೆಲವನ್ನು ಕೈಬಿಟ್ಟರು.

ಈ ಬಗೆಯ ದೂರು ನಮ್ಮ ಕಡೆಯವರಿಗೆ ಅನುಭವದ ಮಾತು. ‘ಕಿತ್ತೂರು ಚೆನ್ನಮ್ಮ’ ಚಿತ್ರದಲ್ಲಿ ಸರೋಜಾದೇವಿಯವರ ಮುಖದ ಬಗ್ಗೆ ನನ್ನ ತಕರಾರಿಲ್ಲ. ಆದರೆ ಬೆಳಗಾವಿ ಸೀಮೆಯ ಆ ರಾಣಿ ಮಾತಾಡಿದ್ದು ದಕ್ಷಿಣದ ರಂಗಭೂಮಿಯ ಕನ್ನಡ. ಕನ್ನಡ ಸಿನಿಮಾದಲ್ಲಿ ರಾಣಿಗೆ, ನಾಯಕನಿಗೆ, ದೇವರಿಗೆ ಒಂದು ಕನ್ನಡ. ನಗಿಸುವ ಆಳುಮಗನಿಗೆ ಉತ್ತರದ ಕನ್ನಡ ಎಂಬ ವಿಂಗಡಣೆ ಬಹಳ ಕಾಲ ನಡೆಯಿತು. ಸುರಪುರದಲ್ಲಿ, ಶಹಾಪುರದಲ್ಲಿ ಟಾಕೀಸಿನ ಬೆಂಚಿನ ಮೇಲೆ ಕೂತವರು ತಮ್ಮ ಮನೆಯ ಮಾತು ತೆರೆಯ ಮೇಲೆ ಕೇಳಿಸುವುದು ನಗೆ ಬರಿಸಲಿಕ್ಕೆ ಮಾತ್ರ ಎಂಬುದನ್ನು ಬಾಯಿಬಿಟ್ಟು ಹೇಳದೆ ನುಂಗಿಕೊಂಡರು. ಮರಾಠಿಗರಿಗೂ ಇಂಥದೇ ನೋವು ತಟ್ಟಿತು. 2025ರ ‘ಛಾವಾ’ ಹಿಂದಿ ಚಿತ್ರದಲ್ಲಿ ಕೊಡಗಿನ ರಶ್ಮಿಕಾ ಮಂದಣ್ಣ ಮಹಾರಾಣಿ ಯೇಸೂಬಾಯಿಯಾದಾಗ ಅವರ ಉಚ್ಚಾರದ ಬಗ್ಗೆ ಆಕ್ಷೇಪ ಬಂತು. ನಮ್ಮ ಹುಡುಗಿ ಎಂಬ ಕಾರಣಕ್ಕೆ ಆ ಆಕ್ಷೇಪವನ್ನು ನಾವು ತಳ್ಳಿಹಾಕಿದರೆ, ಚೆನ್ನಮ್ಮನ ಕನ್ನಡದ ಬಗ್ಗೆ ಮಾತಾಡುವ ಹಕ್ಕು ನಮಗೆ ಉಳಿಯುವುದಿಲ್ಲ.

ಇಲ್ಲಿ ಒಂದು ಗಟ್ಟಿ ಪ್ರಶ್ನೆ ಏಳುತ್ತದೆ. ಗಂಡಸು ದ್ರೌಪದಿಯಾಗಬಹುದಾದರೆ, ಯಾರು ಬೇಕಾದರೂ ಯಾರು ಬೇಕಾದರೂ ಆಗಬಹುದಲ್ಲ? ಅಭಿನಯವೆಂದರೆ ತಾನಲ್ಲದ್ದು ಆಗುವುದೇ ಅಲ್ಲವೇ? ಮತ್ತೆ ನೆಲದವರು, ನುಡಿಯವರು ಎಂಬ ಮಾತೇಕೆ? ಇದಕ್ಕೆ ಉತ್ತರವೂ ಅದೇ ಬಯಲಾಟದಲ್ಲಿದೆ. ಗಂಡಸಿನ ಮೈಯಲ್ಲಿ ದ್ರೌಪದಿಯನ್ನು ಕಂಡ ಪ್ರೇಕ್ಷಕನ ಕಣ್ಣು ದೊಡ್ಡದು, ನಿಜ. ಆದರೆ ಆ ಅಟ್ಟದ ಮೆಟ್ಟಿಲು ಹೆಣ್ಣಿಗೆ ಮುಚ್ಚಿತ್ತು ಎಂಬುದೂ ಅಷ್ಟೇ ನಿಜ. ರೈತ ದ್ರೌಪದಿಯಾದದ್ದು ಉದಾರತೆಯಿಂದಲ್ಲ, ಅವನ ಹೆಂಡತಿ ಆಗುವಂತಿರಲಿಲ್ಲ, ಅದಕ್ಕೆ. ಅವಳ ಸೀರೆ ಅಟ್ಟ ಏರಿತು, ಅವಳು ಕೆಳಗೆ ಕೂತಳು. ಕಂಪನಿ ನಾಟಕಗಳಿಗೆ ಹೆಂಗಸರು ಬಂದಾಗ ಅವರಿಗೆ ಚಪ್ಪಾಳೆ ಸಿಕ್ಕಿತು, ಮರ್ಯಾದೆ ಸಿಗಲಿಕ್ಕೆ ಬಹಳ ಕಾಲ ಹಿಡಿಯಿತು. ಇಂದಿಗೂ ಹಳ್ಳಿಯ ಹವ್ಯಾಸಿ ನಾಟಕಕ್ಕೆ ಸಂಭಾವನೆ ಕೊಟ್ಟು ಹೊರಗಿನಿಂದ ಕರೆಸುವ ಕಲಾವಿದೆಗೆ ಕೆಲವರು ಹಾಕುವ ಸಿಳ್ಳೆಯಲ್ಲಿ ಮೆಚ್ಚುಗೆಗಿಂತ ಬೇರೆಯದೇ ಇರುತ್ತದೆ.

ಹಾಗಾಗಿ ಪ್ರಶ್ನೆ ಯಾರು ಯಾರಾಗಬಹುದು ಎಂಬುದಲ್ಲ. ಯಾರಿಗೆ ಬಾಗಿಲು ತೆರೆದಿದೆ, ಯಾರಿಗೆ ಮುಚ್ಚಿದೆ ಎಂಬುದು. ಬಾಗಿಲು ಎಲ್ಲರಿಗೂ ತೆರೆದಿದ್ದರೆ ಗಂಡಸು ದ್ರೌಪದಿಯಾಗಲಿ, ಬಂಗಾಳಿ ರಕ್ತದ ಹೆಣ್ಣು ಲಾರಾ ಆಗಲಿ, ಚೆಂದವೇ. ಒಂದು ಸಮುದಾಯದವರಿಗೆ ತಮ್ಮದೇ ಕಥೆಯಲ್ಲೂ ಕೆಲಸ ಸಿಗದಿದ್ದಾಗ ಮಾತ್ರ ಅದು ಅನ್ಯಾಯ. 2016ರ ‘ಅನ್‌ಚಾರ್ಟೆಡ್ 4’ರಲ್ಲಿ ದಕ್ಷಿಣ ಆಫ್ರಿಕಾದ ಕಪ್ಪು ಹೆಣ್ಣು ನಡೀನ್ ರಾಸ್ ಪಾತ್ರಕ್ಕೆ ಬಿಳಿಯ ನಟಿ ಲಾರಾ ಬೇಲಿ ದನಿ ಕೊಟ್ಟಾಗ ಎದ್ದ ಆಕ್ಷೇಪ ಈ ಜಾತಿಯದು. ಬೇಲಿ ಒಳ್ಳೆಯ ನಟಿ. ಆಕ್ಷೇಪ ಅವರ ಕಸುಬಿನ ಮೇಲಲ್ಲ, ಬಾಗಿಲು ಕಾಯುವವರ ಮೇಲೆ ಇರಬೇಕಿತ್ತು.

ದುರದೃಷ್ಟವೆಂದರೆ ಸಿಟ್ಟು ಬಾಗಿಲು ಕಾಯುವವರನ್ನು ಮುಟ್ಟುವುದೇ ಇಲ್ಲ, ಕೈಗೆ ಸಿಗುವ ಹೆಣ್ಣಿನ ಮೇಲೆ ಬೀಳುತ್ತದೆ. ಅದೇ ಲಾರಾ ಬೇಲಿ 2020ರಲ್ಲಿ ‘ದಿ ಲಾಸ್ಟ್ ಆಫ್ ಅಸ್’ ಎರಡನೇ ಭಾಗದಲ್ಲಿ ಅಬಿಯಾಗಿ ನಟಿಸಿದಾಗ, ಆ ಪಾತ್ರ ಕಥೆಯಲ್ಲಿ ಮಾಡಿದ ಕ್ರೌರ್ಯಕ್ಕಾಗಿ ನಟಿಗೆ ಕೊಲೆ ಬೆದರಿಕೆಗಳು ಬಂದವು. ಅಬಿಯ ಕೈಗೆ ಆಯುಧ ಕೊಟ್ಟವರು ಕಥೆ ಬರೆದವರು. 2017ರಲ್ಲಿ ಜಾಯಸಿಯ ಕಾವ್ಯದ ರಾಣಿ ಪದ್ಮಾವತಿಯ ಪಾತ್ರ ಮಾಡಿದ ತಪ್ಪಿಗೆ ಬೆಂಗಳೂರಿನಲ್ಲಿ ಬೆಳೆದ ದೀಪಿಕಾ ಪಡುಕೋಣೆಗೆ ಮೂಗು ಕೊಯ್ಯುವ ಬೆದರಿಕೆ ಬಂತು. ನಮ್ಮ ರಾಜ್ಯದಲ್ಲೇ 2025ರ ಜುಲೈನಲ್ಲಿ ನಟಿ ರಮ್ಯಾ, ನಟರೊಬ್ಬರ ಅಭಿಮಾನಿಗಳೆಂದು ಹೇಳಿಕೊಳ್ಳುವವರು ಕಳಿಸಿದ ಅಶ್ಲೀಲ ಸಂದೇಶಗಳ ವಿರುದ್ಧ ಪೊಲೀಸರಿಗೆ ದೂರು ಕೊಡಬೇಕಾಯಿತು. ಅದು ಪಾತ್ರದ ವಿವಾದವಲ್ಲ, ಆದರೆ ಸಿಟ್ಟು ಯಾರ ಮೇಲೆ ಬೀಳುತ್ತದೆ ಎಂಬುದಕ್ಕೆ ಸಾಕ್ಷಿ. ನಟ ಹಿಡಿಸದಿದ್ದರೆ ಅವನ ಅಭಿನಯವನ್ನು ಬೈಯುತ್ತಾರೆ. ನಟಿ ಹಿಡಿಸದಿದ್ದರೆ ಅವಳ ಮೈಯನ್ನು, ಮನೆತನವನ್ನು ಬೈಯುತ್ತಾರೆ. ಅಭಿಮಾನ ಈ ಗೆರೆ ದಾಟಿದ ಮೇಲೆ ಅದರ ಹೆಸರು ಅಭಿಮಾನವಲ್ಲ, ಅಪರಾಧ. ಅಲ್ಲಿ ವಾದಕ್ಕೆ ಜಾಗವಿಲ್ಲ, ಠಾಣೆಗೆ ಜಾಗ.

ಶಹಾಪುರದ ಬಸ್ ಸ್ಟ್ಯಾಂಡಿನಲ್ಲಿ ಕೂತು ಮೊಬೈಲಿನಲ್ಲಿ ಫ್ರೀ ಫೈರ್ ಆಡುವ ಹುಡುಗ ಎಷ್ಟೋ ಸಲ ಹೆಣ್ಣಿನ ಪಾತ್ರವನ್ನೇ ಆರಿಸಿಕೊಂಡು ಓಡಿಸುತ್ತಾನೆ. ಅವನಿಗೆ ಅದರಲ್ಲಿ ನಾಚಿಕೆಯಿಲ್ಲ, ಅವನ ಗೆಳೆಯರಿಗೆ ಅಚ್ಚರಿಯಿಲ್ಲ. ಬಯಲಾಟದ ದ್ರೌಪದಿಗೆ ಇವನು ಮೊಮ್ಮಗನಾಗಬೇಕು. ಇನ್ನೊಬ್ಬರ ಮೈಯೊಳಗೆ ಹೊಕ್ಕು ನಡೆಯುವ ಶಕ್ತಿ ಇವನಿಗೆ ಬಂದಿದೆ. ಆ ಶಕ್ತಿ ತನಗಿದ್ದರೆ ನಟಿಗೂ ಇರಬಾರದೇಕೆ ಎಂದು ಅವನು ಒಮ್ಮೆ ಕೇಳಿಕೊಂಡರೆ ಮುಖದ ಜಗಳ ಅರ್ಧ ಮುಗಿಯುತ್ತದೆ. ಉಳಿದರ್ಧಕ್ಕೆ ಬೇಕಾದದ್ದು ತಾಳ್ಮೆ. ದೊಡ್ಡಾಟದ ಪ್ರೇಕ್ಷಕ ಬಣ್ಣದ ಕೋಣೆಗೆ ಇಣುಕಿ ತೀರ್ಪು ಕೊಡುತ್ತಿರಲಿಲ್ಲ, ಪಾತ್ರ ಸಭೆಗೆ ಬಂದು ಮಾತಾಡುವ ತನಕ ಕಾಯುತ್ತಿದ್ದ.

ಸುರಪುರದ ಈಶ್ವರಮ್ಮನ ಕಥೆಯನ್ನು ಒಂದಲ್ಲ ಒಂದು ದಿನ ಯಾರಾದರೂ ತೆರೆಗೆ ತಂದಾರು, ಗೇಮನ್ನೇ ಮಾಡಿದರೂ ಮಾಡಿಯಾರು. ಆ ದಿನ ನಟಿ ಎಲ್ಲಿಯವಳು, ಬಣ್ಣ ಏನು, ಎತ್ತರ ಎಷ್ಟು ಎಂದು ಕೇಳುತ್ತ ಕೂರಬೇಡಿ. ಕಥೆ ಬರೆದವರು ಟೇಲರ್‌ನ ಪುಸ್ತಕ ಮುಚ್ಚಿ ಸುರಪುರದ ಮಂದಿಯನ್ನು ಮಾತಾಡಿಸಿದ್ದಾರೆಯೇ, ರಾಣಿಯ ಬಾಯಲ್ಲಿ ಈ ಸೀಮೆಯ ಕನ್ನಡ ಇದೆಯೇ, ಈ ಜಿಲ್ಲೆಯ ಕಲಾವಿದೆಯರಿಗೆ ಆ ಪಾತ್ರಕ್ಕೆ ಪರೀಕ್ಷೆ ಕೊಡಲು ಬಾಗಿಲು ತೆರೆದಿತ್ತೇ ಎಂದು ಕೇಳಿ. ನಟಿಯನ್ನು ಕೇಳಬೇಡಿ, ಬರೆದವರನ್ನೂ ದುಡ್ಡು ಹಾಕಿದವರನ್ನೂ ಕೇಳಿ. ಉತ್ತರ ಬರುವ ತನಕ ಬಿಡಬೇಡಿ.